ಹಿತ್ತಲಿನ ಚುಕ್ಕೆಹುಳುಗಳು: ಕೊಲ್ಲತಕ್ಕವು ಮತ್ತು ಕಾಯತಕ್ಕವು

ಹೊಸಪೇಟೆ, ಕಂಪ್ಲಿ ಮತ್ತು ಹಂಪೆಯ ಸೀಮೆಯಲ್ಲಿ ವಿಜಯನಗರ ಕಾಲದ ಕಾಲುವೆಗಳ ನೀರು ಹರಿಯುವ ಕಡೆ ಹಿತ್ತಲುಗಳು ವರ್ಷದ ಬಹುಭಾಗ ಹಸುರಾಗಿರುತ್ತವೆ. ಸಂಡೂರಿನ ಗುಡ್ಡಗಳ ಮಗ್ಗುಲಲ್ಲಿ ಮಳೆಗಾಲದ ಹಿತ್ತಲೇ ಮುಖ್ಯವಾದುದು. ಎಲ್ಲಿಯೇ ಆಗಲಿ, ಒಂದು ಅವರೆಯ ಚಪ್ಪರವೂ ನಾಲ್ಕು ಬದನೆಯ ಗಿಡಗಳೂ ಇದ್ದರೆ, ಗುಲಗಂಜಿಯಷ್ಟು ಗಾತ್ರದ, ಬೆನ್ನು ಉಬ್ಬಿದ, ಕಪ್ಪು ಗುರುತುಗಳುಳ್ಳ ಹುಳುಗಳು ಅಲ್ಲಿ ಕಾಣಬರುತ್ತವೆ. ಇವೆಲ್ಲವೂ ಒಂದೇ ಜಾತಿಯೆಂದು ಎಣಿಸಿ ಹೊಸಕಿಹಾಕುವ ರೈತರು ಉಂಟು. ಇದು ದೊಡ್ಡ ತಪ್ಪು. ಇವುಗಳಲ್ಲಿ ಒಂದು ಪಂಗಡವು ಬೆಳೆಯನ್ನು ತಿನ್ನುತ್ತದೆ. ಮತ್ತೊಂದು ಪಂಗಡವು ಬೆಳೆಯ ರಸ ಹೀರುವ ಹೇನುಗಳನ್ನು ತಿನ್ನುತ್ತದೆ.

ಮೊದಲು ಬದನೆಯ ಎಲೆಯನ್ನು ಮಗುಚಿ ನೋಡತಕ್ಕದ್ದು. ಅಲ್ಲಿರುವ ಹುಳುವಿನ ಬೆನ್ನು ಮಾಸಲು ಕೆಂಗಂದು ಬಣ್ಣದ್ದು; ಹೊಳಪಿಲ್ಲ. ಭೂತಗನ್ನಡಿಯಿಂದ ನೋಡಿದರೆ ಮೈಮೇಲೆ ಸಣ್ಣ ರೋಮಗಳು ತೋರುತ್ತವೆ. ಒಂದು ಜಾತಿಗೆ 28 ಚುಕ್ಕೆಗಳಿರುತ್ತವೆ. ಇದರ ಮರಿಹುಳು ಹಳದಿಯಾಗಿ, ಮೈತುಂಬ ಕವಲೊಡೆದ ಮುಳ್ಳುಗಳಿಂದ ಕೂಡಿ, ಬಲು ಮಂದವಾಗಿ ಚಲಿಸುತ್ತದೆ. ಎಲೆಯ ಹಸುರನ್ನು ಕೆರೆದು ತಿಂದು ನರಗಳ ಜಾಲರಿಯನ್ನು ಮಾತ್ರ ಉಳಿಸುವುದು ಇದರ ಗುರುತು. ಇಂತಹವುಗಳನ್ನು ಬೆಳಗಿನ ಹೊತ್ತು ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲಬೇಕು.

ಅವರೆಯ ಕುಡಿಯಲ್ಲಿ ಕರಿಯ ಹೇನುಗಳು ಮುತ್ತಿದ ಕಡೆ ಕಾಣುವ ಹುಳುವು ಬೇರೆ. ಅದರ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇಲ್ಲಿ ಸಾಮಾನ್ಯವಾದ ಒಂದು ಜಾತಿಗೆ ಚುಕ್ಕೆಯ ಬದಲು ಅಂಕುಡೊಂಕಾದ ಕಪ್ಪು ಗೆರೆಗಳಿರುತ್ತವೆ. ಇದೇ ರೈತನ ಮಿತ್ರ. ಆದರೆ ಇದರ ಮರಿಯ ರೂಪವೇ ಅದಕ್ಕೆ ಮೃತ್ಯುವಾಗಿದೆ. ಕಪ್ಪು ಮೈ, ಅಲ್ಲಲ್ಲಿ ಹಳದಿಯ ಮಚ್ಚೆ, ಆರು ಕಾಲು, ಹಿಂದಕ್ಕೆ ಸಪುರಾದ ದೇಹ. ನೋಡುವವರಿಗೆ ಪುಟ್ಟ ಮೊಸಳೆಯಂತೆ ತೋರಿ ಹೇಸಿಗೆ ಹುಟ್ಟಿಸುತ್ತದೆ. ಬೆಳೆದ ಹುಳುವನ್ನು ಅಂದಕ್ಕಾಗಿ ಬಿಟ್ಟವರೂ ಮರಿಯನ್ನು ಬಿಡುವುದಿಲ್ಲ. ಹೇನುಗಳನ್ನು ಹಿಡಿದು ತಿನ್ನುವುದರಲ್ಲಿ ಈ ಮರಿಯೂ ಹಿಂದೆ ಬೀಳುವುದಿಲ್ಲ.

ಸಂದೇಹವಿದ್ದಲ್ಲಿ ಪರೀಕ್ಷೆಯು ಸುಲಭ. ಒಂದು ಗಾಜಿನ ಲೋಟದಲ್ಲಿ ಹುಳುವನ್ನು ಬಿಟ್ಟು, ಬದನೆಯ ಎಲೆಯ ತುಂಡನ್ನೂ ಹೇನು ಹತ್ತಿದ ಕುಡಿಯನ್ನೂ ಇಟ್ಟು, ತೆಳುಬಟ್ಟೆಯಿಂದ ಬಾಯಿ ಕಟ್ಟತಕ್ಕದ್ದು. ಮರುದಿನ ಎಲೆ ಸವೆದಿದ್ದರೆ ಶತ್ರು, ಹೇನು ಕಡಮೆಯಾಗಿದ್ದರೆ ಮಿತ್ರ. ಗ್ರಾಮದ ಗೌಡರು ಇಂತಹ ಲೋಟವೊಂದನ್ನು ಚಾವಡಿಯಲ್ಲಿರಿಸಿದರೆ ಹತ್ತು ಮಂದಿ ನೋಡಿ ತಿಳಿಯುವರು.

ಮೊಟ್ಟೆಗಳ ವಿಷಯದಲ್ಲಿ ಎಚ್ಚರ ಬೇಕು. ಎರಡು ಪಂಗಡಗಳವೂ ಹಳದಿಯಾಗಿ ಗುಂಪಿನಲ್ಲಿ ನೆಟ್ಟಗೆ ನಿಂತಿರುತ್ತವೆ. ಸಮೀಪದಲ್ಲಿ ಹೇನುಗಳಿದ್ದರೆ ಮುಟ್ಟದಿರುವುದು ಲೇಸು.

ಇಷ್ಟು ಸಣ್ಣ ಹುಳುವಿನಿಂದ ಏನಾದೀತೆಂಬವರಿಗೆ ಅಮೆರಿಕೆಯ ಕ್ಯಾಲಿಫೋರ್ನಿಯಾದ ನಿದರ್ಶನವುಂಟು. ಅಲ್ಲಿ ಹತ್ತಿಯಂತಹ ಬಿಳಿಯ ಕೀಟವೊಂದು ಕಿತ್ತಳೆ, ನಿಂಬೆಯ ತೋಟಗಳನ್ನು ಹಾಳುಗೆಡವುತ್ತಿದ್ದಾಗ, 1888ರಲ್ಲಿ ಆಸ್ಟ್ರೇಲಿಯಾದಿಂದ ಗುಲಗಂಜಿಹುಳುವಿನ ಒಂದು ಜಾತಿಯನ್ನು ತರಿಸಿ ಬಿಡಲಾಯಿತು. 1889ರ ಕೊನೆಯ ವೇಳೆಗೆ ಪಿಡುಗು ಅಡಗಿತು.

ಹೇನುಗಳ ಸಿಹಿರಸಕ್ಕೆ ಬರುವ ಇರುವೆಗಳು ಈ ಮಿತ್ರರನ್ನು ಕಚ್ಚಿ ಅಟ್ಟುತ್ತವೆ. ಆದುದರಿಂದ ಬಳ್ಳಿಗೆ ಇರುವೆ ಹತ್ತದಂತೆ ನೋಡಿಕೊಳ್ಳತಕ್ಕದ್ದು. ಮೊಸಳೆಯಂತಹ ಮರಿಗಳಿರುವ ಕುಡಿಗೆ ಹೊಗೆಸೊಪ್ಪಿನ ಕಷಾಯವನ್ನಾಗಲಿ ಅಂಗಡಿಯ ಔಷಧವನ್ನಾಗಲಿ ಕೂಡಲೇ ಚಿಮುಕಿಸದೆ, ಮೂರು ನಾಲ್ಕು ದಿನ ಕಾದು, ದಿನವೂ ಹೇನುಗಳು ಹೆಚ್ಚಿದವೇ ತಗ್ಗಿದವೇ ಎಂದು ನೋಡತಕ್ಕದ್ದು. ಹೆಚ್ಚುತ್ತಲೇ ಹೋದರೆ, ಮರಿಗಳನ್ನು ಪಕ್ಕದ ಬಳ್ಳಿಗೆ ಬಿಟ್ಟು, ಆ ಕುಡಿಯನ್ನು ಚಿವುಟಿ ಸುಡುವುದು.