‘ಆಯ್ತಣ್ಣ’ ಅಂದ ಮೇಲೂ ಆಗದ ಕೆಲಸ

“ಶನಿವಾರ ಅಪ್ಪನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯೇನೋ?”

“ಆಯ್ತಣ್ಣ.”

ಶನಿವಾರ ತಮ್ಮನ ಫೋನ್ ಸ್ವಿಚ್ ಆಫ್. ಸಂಜೆ ಕೇಳಿದರೆ, “ಅಯ್ಯೋ, ಮರೆತೇಹೋಯ್ತು.”

ಒಂದು ಸಲವಾದರೆ ಮರೆವು. ಆದರೆ ಗೆಳೆಯರ ಕೆಲಸ ಒಂದೂ ಮರೆಯದವನಿಗೆ ಅಣ್ಣ ಹೇಳಿದ್ದು ಮಾತ್ರ ಪ್ರತಿಸಲ ಮರೆತರೆ, ಒಳಗಿನ ಕೋಪ ಬಾಯಿಗೆ ಬಾರದೆ ಕೆಲಸದಲ್ಲಿ ಹೊರಬೀಳುತ್ತಿದೆಯೇನೋ ಎಂದು ಯೋಚಿಸಬೇಕು. ಪ್ಯಾಸಿವ್ ಅಗ್ರೆಸಿವ್ ನಡವಳಿಕೆ ಎನ್ನುವುದು ಇದನ್ನೇ. ಪಾತ್ರೆ ಕುಕ್ಕುತ್ತ “ನನಗೇನೂ ಬೇಜಾರಿಲ್ಲ” ಎನ್ನುವುದು, ವಾರಗಟ್ಟಲೆ ಮಾತು ಬಿಡುವುದು, ಹೊಗಳಿಕೆಯಲ್ಲೇ ಕೊಂಕು ಸೇರಿಸುವುದು ಇದೇ ಬಗೆಯವು.

ಈ ಹೆಸರು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯಲ್ಲಿ. ಆಜ್ಞೆಯನ್ನು ನೇರವಾಗಿ ಮೀರದೆ ಮುನಿಸು, ಹಟ, ವಿಳಂಬಗಳಿಂದ ಅಡ್ಡಗಾಲು ಹಾಕುವ ಸೈನಿಕರನ್ನು ಮನೋವೈದ್ಯ ವಿಲಿಯಂ ಮೆನಿಂಜರ್ ಮತ್ತು ಸಂಗಡಿಗರು ಹೀಗೆ ಗುರುತಿಸಿದರು. ಸೈನಿಕ ಮೇಲಧಿಕಾರಿಗೆ ‘ಆಗಲ್ಲ’ ಅನ್ನುವಂತಿರಲಿಲ್ಲ ಎಂಬುದನ್ನು ಮರೆಯಬಾರದು. ‘ಆಗಲ್ಲ’ ಎನ್ನಲು ಎಡೆಯಿಲ್ಲದ ಮನೆ, ಕಚೇರಿಗಳಲ್ಲೂ ಈ ನಡವಳಿಕೆ ಚೆನ್ನಾಗಿ ಬೇರು ಬಿಡುತ್ತದೆ.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ 1952ರಲ್ಲಿ ಇದನ್ನು ವ್ಯಕ್ತಿತ್ವ ದೋಷಗಳ ಸಾಲಿಗೆ ಸೇರಿಸಿತ್ತು. 1994ರ ಆವೃತ್ತಿ ಇದನ್ನು ಅನುಬಂಧಕ್ಕೆ ತಳ್ಳಿತು. 2013ರ ಆವೃತ್ತಿಯಲ್ಲಿ ಅಲ್ಲೂ ಉಳಿಯಲಿಲ್ಲ. ಸಂದರ್ಭ ಒದಗಿದರೆ ಯಾರಾದರೂ ಹೀಗೆ ನಡೆದುಕೊಳ್ಳಬಹುದು, ಮೇಲಾಗಿ ಇದರ ಲಕ್ಷಣಗಳು ಬೇರೆ ತೊಂದರೆಗಳೊಂದಿಗೆ ಬೆರೆತಿರುತ್ತವೆ ಎಂಬ ಆಕ್ಷೇಪಗಳಿದ್ದವು. ಆದ್ದರಿಂದ ಮನೆಯವರ ಹಣೆಗೆ ನಾವೇ ಈ ಚೀಟಿ ಅಂಟಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ವೈದ್ಯರು ಕೇಳುವುದೇ ಬೇರೆ: ಎಷ್ಟು ವರ್ಷಗಳಿಂದ ಹೀಗಿದೆ? ಮನೆ, ಕೆಲಸ, ಗೆಳೆತನ ಎಲ್ಲ ಕಡೆಯೂ ಇದೆಯೇ? ಖಿನ್ನತೆಯೋ, ಗಮನದ ಕೊರತೆಯೋ, ಬರೀ ದಣಿವೋ ಹೀಗೆ ಕಾಣುತ್ತಿದೆಯೇ?

ಮನೆಯಲ್ಲಿ “ನೀನು ಯಾವಾಗ್ಲೂ ಹಿಂಗೇ” ಎಂದರೆ ಮಾತುಕತೆ ಅಲ್ಲೇ ನಿಲ್ಲುತ್ತದೆ. ನಡೆದದ್ದನ್ನಷ್ಟೇ ಹೇಳಿ: “ಅಪ್ಪ ಹನ್ನೊಂದರ ತನಕ ಷರ್ಟ್ ಹಾಕ್ಕೊಂಡು ಕಾಯ್ತಾ ಕೂತಿದ್ರು. ನಿಂಗೆ ಆಗಲ್ಲ ಅಂದ್ರೆ ಮೊದಲೇ ಹೇಳಿಬಿಡು, ನಾನು ಆಟೋ ಗೊತ್ತು ಮಾಡ್ತೀನಿ.” ಮುಂದೊಂದು ದಿನ ತಮ್ಮ ನಿಜವಾಗಿಯೂ “ಆಗಲ್ಲಣ್ಣ” ಅಂದಾಗ ಅಣ್ಣ ರೇಗಬಾರದು. ರೇಗಿದರೆ ಮುಂದಿನ ಸಲ ಮತ್ತೆ “ಆಯ್ತಣ್ಣ” ಎಂಬ ಉತ್ತರವೇ ಬರುತ್ತದೆ.