ಎಚ್.ಐ.ವಿ. ಸ್ವಪರೀಕ್ಷೆ: ಮನೆಬಾಗಿಲಿಗೆ ಬಂದ ಪರೀಕ್ಷಾಲಯ

ರೋಗವನ್ನು ಅರಿಯುವುದು ಚಿಕಿತ್ಸೆಯ ಮೊದಲನೆಯ ಮೆಟ್ಟಿಲು. ಎಚ್.ಐ.ವಿ. ಸೋಂಕಿನ ವಿಷಯದಲ್ಲಾದರೋ ಈ ಮೆಟ್ಟಿಲನ್ನು ಹತ್ತುವುದೇ ಹಲವರಿಗೆ ದುಸ್ತರವಾಗಿದೆ. ಸೋಂಕು ತಗುಲಿದವರು ವರ್ಷಗಟ್ಟಲೆ ಆರೋಗ್ಯವಂತರಂತೆಯೇ ಕಾಣಬಹುದು. ಸಂದೇಹವುಂಟಾದರೂ, ಪರೀಕ್ಷಾಲಯದಲ್ಲಿ ಪರಿಚಿತರ ಕಣ್ಣಿಗೆ ಬಿದ್ದೇವೆಂಬ ಅಂಜಿಕೆ ಅವರನ್ನು ತಡೆಯುತ್ತದೆ. ಹೀಗೆ ಬಾರದವರ ಬಳಿಗೆ ಪರೀಕ್ಷೆಯೇ ಹೋಗಬೇಕೆಂಬ ಆಲೋಚನೆಯಿಂದ ಹುಟ್ಟಿದುದು ಸ್ವಪರೀಕ್ಷೆ.

2012ರ ಜುಲೈ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಓರಾಕ್ವಿಕ್ ಎಂಬ ಪರೀಕ್ಷೆಯನ್ನು ಗೃಹೋಪಯೋಗಕ್ಕಾಗಿ ಮಾರಲು ಅನುಮತಿಯಿತ್ತಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸ್ವಪರೀಕ್ಷೆಯನ್ನು ಅನುಮೋದಿಸಿತು. ಓರಾಕ್ವಿಕ್ಕಿನ ಕ್ರಮ ಸರಳವಾದುದು. ಚಪ್ಪಟೆಯಾದ ಕಡ್ಡಿಯ ತುದಿಯನ್ನು ಮೇಲಣ ಮತ್ತು ಕೆಳಗಣ ಒಸಡುಗಳ ಮೇಲೆ ಒಂದೊಂದು ಸಲ ಸವರಿ, ಸಣ್ಣ ಸೀಸೆಯ ದ್ರವದಲ್ಲಿಟ್ಟು, 20 ನಿಮಿಷಗಳಾದ ಬಳಿಕ 40 ನಿಮಿಷಗಳೊಳಗೆ ನೋಡಬೇಕು. ನಿಯಂತ್ರಣದ ಗೆರೆಯೊಂದೇ ಮೂಡಿದರೆ ಸೋಂಕಿನ ಕುರುಹು ದೊರೆತಿಲ್ಲ. ಎರಡು ಗೆರೆಗಳು ಮೂಡಿದರೆ ಸೋಂಕಿರಬಹುದೆಂಬ ಸೂಚನೆ.

2023ರ ಮಾರ್ಚಿಯಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದ ನೆರವಿನಿಂದ, ಇಂತಹ ಕಿಟ್ಟುಗಳನ್ನು ಅಂತರ್ಜಾಲದಲ್ಲಿ ಕೇಳಿದವರಿಗೆ ಅಂಚೆಯ ಮೂಲಕ ಉಚಿತವಾಗಿ ಕಳುಹಿಸುವ ಯೋಜನೆ ಆರಂಭವಾಯಿತು. ಸಂಗಾತಿಗಳನ್ನು ಅರಸುವ ಜಾಲತಾಣಗಳಲ್ಲಿಯೂ ಇದರ ಪ್ರಕಟಣೆ ನಡೆಯಿತು. ಮೊದಲ ವರ್ಷದಲ್ಲಿಯೇ ಎರಡು ಲಕ್ಷಕ್ಕೂ ಮಿಕ್ಕ ಜನರಿಗೆ ನಾಲ್ಕು ಲಕ್ಷಕ್ಕೂ ಮಿಕ್ಕ ಕಿಟ್ಟುಗಳು ಸೇರಿದುವು. ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ ಸುಮಾರು ಕಾಲುಭಾಗದವರು ಹಿಂದೆಂದೂ ಈ ಪರೀಕ್ಷೆ ಮಾಡಿಸಿಕೊಂಡವರಲ್ಲ. ಯೋಜನೆಯ ಸಾರ್ಥಕ್ಯವನ್ನು ಈ ಕಾಲುಭಾಗದಿಂದ ಅಳೆಯತಕ್ಕುದು.

ಆದರೆ ಕಿಟ್ಟಿನ ಮಾತೇ ಕಡೆಯ ಮಾತಲ್ಲ. ಅದು ಹುಡುಕುವುದು ವೈರಾಣುವನ್ನಲ್ಲ, ದೇಹವು ಅದಕ್ಕೆದುರಾಗಿ ನಿರ್ಮಿಸುವ ಪ್ರತಿಕಾಯಗಳನ್ನು. ಅವು ಹುಟ್ಟಲು ಕಾಲ ಬೇಕಾದುದರಿಂದ, ಸಂಪರ್ಕವಾಗಿ ಮೂರು ತಿಂಗಳು ಕಳೆಯುವ ಮುನ್ನ 'ಇಲ್ಲ'ವೆಂಬ ಫಲವನ್ನು ನೆಚ್ಚಲಾಗದು. ಅನುಮತಿಗೆ ಮುಂಚಿನ ಪ್ರಯೋಗದಲ್ಲಿ ಸೋಂಕುಳ್ಳವರಲ್ಲಿ ಹನ್ನೆರಡಕ್ಕೊಬ್ಬರಂತೆ ತಪ್ಪಿಹೋದರು; ಸೋಂಕಿಲ್ಲದವರಲ್ಲಿ ಐದು ಸಾವಿರಕ್ಕೊಬ್ಬರಂತೆ 'ಉಂಟು' ಎಂಬ ತಪ್ಪು ಫಲ ಬಂದಿತು. ಆದಕಾರಣ ಎರಡು ಗೆರೆಗಳನ್ನು ಕಂಡವರು ಪರೀಕ್ಷಾಲಯದಲ್ಲಿ ಅದನ್ನು ದೃಢಪಡಿಸಿಕೊಳ್ಳಲೇಬೇಕು.

ಪರೀಕ್ಷಾಲಯದಲ್ಲಿ ಫಲವನ್ನು ತಿಳಿಸುವ ಸಲಹೆಗಾರರು ಪಕ್ಕದಲ್ಲಿರುತ್ತಾರೆ; ಮನೆಯಲ್ಲಿಯಾದರೋ ಮನುಷ್ಯನು ಏಕಾಂಗಿ. ಔಷಧವನ್ನು ನಿಯಮದಿಂದ ಸೇವಿಸಿ ರಕ್ತದಲ್ಲಿ ವೈರಾಣುವು ಪತ್ತೆಯಾಗದ ಮಟ್ಟಕ್ಕಿಳಿದು ನಿಂತರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡದೆಂಬುದು ಇಂದು ಸಿದ್ಧವಾದ ವಿಷಯ. ಈ ಅಭಯವಚನವೂ, ಸಲಹೆಗಾರರ ದೂರವಾಣಿಯೂ, ಚಿಕಿತ್ಸಾಲಯದ ದಾರಿಯೂ ಕಿಟ್ಟಿನೊಡನೆಯೇ ತಲಪಬೇಕು. ಇವಿಲ್ಲದೆ ಕಳುಹಿಸಿದ ಕಿಟ್ಟು ಅರ್ಧ ಉಪಕಾರವೇ ಸರಿ.