ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆ: ಹೊಟ್ಟೆ ಕೊಯ್ಯದೆ ನೀಡುವ ಚಿಕಿತ್ಸೆಗಳು ಮತ್ತು ಸೌಲಭ್ಯ ಪಡೆಯುವ ಕ್ರಮ

(ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್ ಹಾಗೂ ವಾಡಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮಾತ್ರ ಇರುವ, ಮೂತ್ರಕೋಶದ ಕೆಳಭಾಗದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಒಂದು ಚಿಕ್ಕ ಗ್ರಂಥಿಯಾಗಿದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ ಇರುತ್ತದೆ. ಐವತ್ತು ವರ್ಷದ ನಂತರ ಅನೇಕರಲ್ಲಿ ಈ ಗ್ರಂಥಿಯು ಹಿಗ್ಗಿ, ನಡುವೆ ಹಾದುಹೋಗುವ ಮೂತ್ರನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಕಾಯಿಲೆಗಳು ಒಬ್ಬರಲ್ಲಿಯೇ ಇರಬಹುದಾದ್ದರಿಂದ ತಪಾಸಣೆ ಅವಶ್ಯಕವಾಗಿರುತ್ತದೆ.

ಗುಂಡಗುರ್ತಿಯಂತಹ ಗ್ರಾಮಗಳಲ್ಲಿ ಹಿರಿಯರು ಈ ತೊಂದರೆಯನ್ನು ಮುಪ್ಪಿನ ಸಹಜ ಲಕ್ಷಣವೆಂದು ಭಾವಿಸಿ, ಸಂಕೋಚದಿಂದ ಮನೆಯವರಿಗೂ ಹೇಳದೆ ಇರುವುದುಂಟು. ರಾತ್ರಿ ಪದೇ ಪದೇ ಏಳಬೇಕಾಗುತ್ತದೆಂದು ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ, ಅದರಲ್ಲಿಯೂ ಹೊಲ ಹಾಗೂ ಕಲ್ಲುಗಣಿಗಳಲ್ಲಿ ದುಡಿಯುವವರಿಗೆ, ಇದು ಅಪಾಯಕಾರಿ. ಹಗಲಿನಲ್ಲಿ ಸಾಕಷ್ಟು ನೀರು ಕುಡಿದು, ಮಲಗುವ ಎರಡು ಗಂಟೆ ಮುಂಚೆ ಮಾತ್ರ ಕಡಿಮೆ ಮಾಡುವುದು ಸೂಕ್ತ ಕ್ರಮವಾಗಿದೆ.

ರೋಗದ ಲಕ್ಷಣಗಳು

1. ಮೂತ್ರದ ಧಾರೆ ಸಣ್ಣದಾಗುವುದು, ನಿಂತು ನಿಂತು ಬರುವುದು.
2. ಮೂತ್ರ ಆರಂಭವಾಗಲು ಬಹಳ ಹೊತ್ತು ಕಾಯಬೇಕಾಗುವುದು.
3. ವಿಸರ್ಜನೆಯ ನಂತರವೂ ಮೂತ್ರ ಉಳಿದಂತೆ ಭಾಸವಾಗುವುದು.
4. ರಾತ್ರಿ ಹಲವು ಬಾರಿ ಏಳುವುದು, ಅವಸರವಾಗುವುದು.

ಮೂತ್ರ ಸಂಪೂರ್ಣವಾಗಿ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದಲ್ಲಿ ಅದು ತುರ್ತು ಪರಿಸ್ಥಿತಿ. ಬೆಳಗಾಗಲೆಂದು ಕಾಯದೆ 108 ಆಂಬುಲೆನ್ಸ್ ಕರೆಸಿ ಹತ್ತಿರದ ಆಸ್ಪತ್ರೆಗೆ ಹೋಗತಕ್ಕದ್ದು. ಮೂತ್ರದಲ್ಲಿ ರಕ್ತ ಕಂಡುಬಂದರೆ ಅಥವಾ ಚಳಿಜ್ವರ ಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ತಡೆಯು ದೀರ್ಘಕಾಲ ಹಾಗೆಯೇ ಉಳಿದರೆ ಮೂತ್ರಕೋಶದಲ್ಲಿ ಕಲ್ಲು ಮತ್ತು ಸೋಂಕು ಉಂಟಾಗುವುದಲ್ಲದೆ, ನೋವಿಲ್ಲದೆಯೇ ಮೂತ್ರಪಿಂಡಗಳು ವಿಫಲವಾಗುವ ಸಾಧ್ಯತೆಯೂ ಇರುತ್ತದೆ.

ತಪಾಸಣೆ

ವೈದ್ಯರು ಏಳು ಪ್ರಶ್ನೆಗಳನ್ನು ಕೇಳಿ 0 ಯಿಂದ 35 ರವರೆಗೆ ಅಂಕ ನೀಡುತ್ತಾರೆ. 7 ರವರೆಗೆ ಸೌಮ್ಯ, 8 ರಿಂದ 19 ಮಧ್ಯಮ, 20 ಹಾಗೂ ಅದಕ್ಕೂ ಹೆಚ್ಚು ಇದ್ದಲ್ಲಿ ತೀವ್ರ ಎಂದು ಪರಿಗಣಿಸಲಾಗುತ್ತದೆ. ಇದರೊಂದಿಗೆ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯ ಪರೀಕ್ಷೆ, ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಪಿ.ಎಸ್.ಎ. ಪರೀಕ್ಷೆ ಹಾಗೂ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಲಾಗುತ್ತದೆ. ಗ್ರಂಥಿಯ ಗಾತ್ರ ಮತ್ತು ವಿಸರ್ಜನೆಯ ನಂತರ ಉಳಿಯುವ ಮೂತ್ರದ ಪ್ರಮಾಣ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ.

ಔಷಧೋಪಚಾರ

ತೊಂದರೆ ಸೌಮ್ಯವಾಗಿದ್ದಲ್ಲಿ ನಿಗಾ ವಹಿಸಿದರೆ ಸಾಕು. ಮಧ್ಯಮವಾಗಿದ್ದಲ್ಲಿ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆಗಳು ಸ್ನಾಯುಗಳನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಪರಿಹಾರ ನೀಡುತ್ತವೆ. ಏಳುವಾಗ ತಲೆಸುತ್ತು ಬರಬಹುದು. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಗ್ರಂಥಿಯನ್ನು ಕುಗ್ಗಿಸುತ್ತವೆ. ಪರಿಣಾಮ ಕಾಣಲು ಸುಮಾರು ಆರು ತಿಂಗಳು ಬೇಕಾಗುತ್ತದೆ. ಇವು ಪಿ.ಎಸ್.ಎ. ಅಂಶವನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ಸೇವಿಸುತ್ತಿರುವ ವಿಷಯವನ್ನು ಪರೀಕ್ಷೆಗೆ ಮುನ್ನ ತಿಳಿಸತಕ್ಕದ್ದು. ನೆಗಡಿಯ ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಿಕೊಳ್ಳುವ ಸಂಭವವಿರುವುದರಿಂದ ಅವುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಹೊಟ್ಟೆ ಕೊಯ್ಯದೆ ನೀಡುವ ಚಿಕಿತ್ಸೆಗಳು

ಅ) ಟಿ.ಯು.ಆರ್.ಪಿ.: ಮೂತ್ರದ್ವಾರದ ಮೂಲಕ ದುರ್ಬೀನು ತೂರಿಸಿ, ವಿದ್ಯುತ್ ತಂತಿಯಿಂದ ಗ್ರಂಥಿಯ ಅಡ್ಡಭಾಗವನ್ನು ಕೆತ್ತಿ ತೆಗೆಯುವ ವಿಧಾನ. ಹಲವು ದಶಕಗಳಿಂದ ಬಳಕೆಯಲ್ಲಿದ್ದು, ಇಂದಿಗೂ ಉಳಿದ ವಿಧಾನಗಳನ್ನು ಇದರೊಂದಿಗೆ ಹೋಲಿಸಿಯೇ ಅಳೆಯಲಾಗುತ್ತದೆ. ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ನೀಡಿ ಮಾಡಲಾಗುತ್ತದೆ.

ಆ) ಲೇಸರ್ ಚಿಕಿತ್ಸೆ: ಹೋಲ್ಮಿಯಂ ಲೇಸರ್‌ನಿಂದ ಗ್ರಂಥಿಯ ಹಿಗ್ಗಿದ ಭಾಗವನ್ನು ಬಿಡಿಸಿ ತೆಗೆಯಲಾಗುತ್ತದೆ. ಹಿಂದೆ ಹೊಟ್ಟೆ ಕೊಯ್ದು ತೆಗೆಯಬೇಕಾಗಿದ್ದ ಬಹಳ ದೊಡ್ಡ ಗ್ರಂಥಿಗಳಿಗೂ ಇದು ಸಾಧ್ಯ. ರಕ್ತಸ್ರಾವ ಕಡಿಮೆ, ಆದರೆ ನುರಿತ ತಜ್ಞರು ಅವಶ್ಯಕ.

ಇ) ನೀರಾವಿ ಚಿಕಿತ್ಸೆ (ರೆಜೂಮ್): ಗ್ರಂಥಿಯೊಳಗೆ ಸೂಜಿಯ ಮೂಲಕ ಪ್ರತಿ ಬಾರಿ ಸುಮಾರು 9 ಸೆಕೆಂಡ್ ನೀರಾವಿ ಹಾಯಿಸಲಾಗುತ್ತದೆ. ಕೆಲವು ದಿನ ಕ್ಯಾಥೆಟರ್ ನಳಿಕೆ ಇರಬೇಕಾಗುತ್ತದೆ. ಪೂರ್ಣ ಪರಿಣಾಮಕ್ಕೆ ಸುಮಾರು ಮೂರು ತಿಂಗಳು ಬೇಕು.

ಈ) ಗ್ರಂಥಿಯನ್ನು ಬದಿಗೆ ಸರಿಸುವ ಚಿಕಿತ್ಸೆ (ಯೂರೋಲಿಫ್ಟ್): ಗ್ರಂಥಿಯನ್ನು ಕತ್ತರಿಸದೆ ಸಣ್ಣ ಕೊಕ್ಕೆಗಳಿಂದ ಎರಡೂ ಬದಿಗೆ ಎಳೆದು ಹಾದಿ ಬಿಡಿಸಲಾಗುತ್ತದೆ. ಪರಿಹಾರ ಶೀಘ್ರ, ಆದರೆ ಐದು ವರ್ಷಗಳ ಅಧ್ಯಯನದಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಬಹಳ ದೊಡ್ಡ ಗ್ರಂಥಿಗಳಿಗೆ ಇದು ಹಾಗೂ ನೀರಾವಿ ಚಿಕಿತ್ಸೆ ಸಾಮಾನ್ಯವಾಗಿ ಸೂಕ್ತವಲ್ಲ.

ಉ) ರಕ್ತನಾಳ ಮುಚ್ಚುವ ಚಿಕಿತ್ಸೆ: ತೊಡೆಸಂದಿ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಸೂಕ್ಷ್ಮ ಕಣಗಳನ್ನು ಹಾಯಿಸಿ ಗ್ರಂಥಿಯ ರಕ್ತಪೂರೈಕೆಯನ್ನು ತಗ್ಗಿಸಲಾಗುತ್ತದೆ. ಅರಿವಳಿಕೆ ತಡೆಯಲಾರದ ವೃದ್ಧರಿಗೆ ಇದು ಒಂದು ಆಯ್ಕೆ.

ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು

ಟಿ.ಯು.ಆರ್.ಪಿ. ಮತ್ತು ಹೋಲ್ಮಿಯಂ ಲೇಸರ್ ಚಿಕಿತ್ಸೆಯ ನಂತರ ಹೆಚ್ಚಿನವರಲ್ಲಿ ವೀರ್ಯವು ಹೊರಬಾರದೆ ಮೂತ್ರಕೋಶಕ್ಕೆ ಹಿಂದಿರುಗುತ್ತದೆ. ಇದರಿಂದ ಆರೋಗ್ಯಕ್ಕೆ ಹಾನಿಯಿಲ್ಲ. ಆದರೆ ಮಕ್ಕಳನ್ನು ಬಯಸುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ನೀರಾವಿ ಮತ್ತು ಯೂರೋಲಿಫ್ಟ್ ವಿಧಾನಗಳಲ್ಲಿ ಈ ತೊಂದರೆ ವಿರಳ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಹೊಸ ವಿಧಾನವೆಂಬ ಕಾರಣಕ್ಕೆ ಅದು ಎಲ್ಲರಿಗೂ ಉತ್ತಮವೆಂದು ತಿಳಿಯಬಾರದು. ಬಹುಪಾಲು ರೋಗಿಗಳಿಗೆ ಟಿ.ಯು.ಆರ್.ಪಿ. ಯಿಂದಲೇ ದೀರ್ಘಕಾಲದ ಪರಿಹಾರ ದೊರೆಯುತ್ತದೆ. ದುಬಾರಿ ವಿಧಾನಕ್ಕಾಗಿ ಹೊಲ ಅಡವಿಡುವ ಅಥವಾ ಸಾಲ ಮಾಡುವ ಮುನ್ನ, ತಮ್ಮ ಗ್ರಂಥಿಯ ಗಾತ್ರಕ್ಕೆ ಸದರಿ ವಿಧಾನವೇ ಏಕೆ ಬೇಕೆಂದು ಮೂತ್ರರೋಗ ತಜ್ಞರಲ್ಲಿ ಕೇಳಿ ತಿಳಿಯತಕ್ಕದ್ದು.

ಸೌಲಭ್ಯ ಪಡೆಯುವ ಕ್ರಮ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ 2010 ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲಿಗೆ ಅಂದಿನ ಗುಲಬರ್ಗಾ ವಿಭಾಗದಲ್ಲಿಯೇ ಆರಂಭವಾಯಿತು. 2018 ರಲ್ಲಿ ಅದು ಇತರೆ ಯೋಜನೆಗಳೊಂದಿಗೆ ವಿಲೀನಗೊಂಡು, ಈಗ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ದೊರೆಯುತ್ತಿದೆ. ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ. ವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಇತರರಿಗೆ ಪ್ಯಾಕೇಜ್ ದರದ ಶೇ. 30 ರಷ್ಟು, ವಾರ್ಷಿಕ 1.5 ಲಕ್ಷ ರೂ. ಮಿತಿಯೊಳಗೆ ಸರ್ಕಾರವು ಭರಿಸುತ್ತದೆ.

1. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಚಿತ್ತಾಪುರ, ಸೇಡಂ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವುದು.
2. ಪಡಿತರ ಚೀಟಿ, ಆಧಾರ್ ಕಾರ್ಡ್ ಹಾಗೂ ಹಿಂದಿನ ಸ್ಕ್ಯಾನ್ ವರದಿಗಳನ್ನು ಜೊತೆಯಲ್ಲಿ ಒಯ್ಯುವುದು.
3. ಅವಶ್ಯವಿದ್ದಲ್ಲಿ ಕಲಬುರಗಿಯ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಜಿಮ್ಸ್) ಆಸ್ಪತ್ರೆಗೆ ತೆರಳುವುದು. ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಯು ಈ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆಯಾಗಿದೆ.
4. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಶಿಫಾರಸು ಪತ್ರವಿಲ್ಲದೆ ನೇರವಾಗಿ ದಾಖಲಾದರೆ ಸೌಲಭ್ಯ ಕೈತಪ್ಪಬಹುದು. ಯೋಜನೆಯಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಪತ್ರದ ಅಗತ್ಯವಿಲ್ಲ.
5. ವೈದ್ಯರು ಸೂಚಿಸಿದ ವಿಧಾನವು ಪ್ಯಾಕೇಜ್ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಖಚಿತಪಡಿಸಿಕೊಳ್ಳುವುದು.
6. ಸಿಮೆಂಟ್ ಕಾರ್ಖಾನೆ ಮುಂತಾದೆಡೆ ದುಡಿಯುವ ಇ.ಎಸ್.ಐ. ವಿಮಾದಾರರು ಕಲಬುರಗಿಯ ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104 ಕ್ಕೆ ಕರೆ ಮಾಡಬಹುದು. ಮನೆಯಲ್ಲಿ ಹಿರಿಯರು ರಾತ್ರಿ ಪದೇ ಪದೇ ಏಳುತ್ತಿರುವುದನ್ನು ಗಮನಿಸಿದಲ್ಲಿ, ಅವರಾಗಿಯೇ ಹೇಳಲೆಂದು ಕಾಯದೆ ಕುಟುಂಬದವರೇ ಆಸ್ಪತ್ರೆಗೆ ಕರೆದೊಯ್ಯುವಂತೆ ಕೋರಲಾಗಿದೆ.